ಎದೆನೋವಿನ ಪಾತ್ರ

ನೀಲಾಬಾಯಿ ಹದಿನೆಂಟು ವರ್ಷ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವಳು. ಅವಳು ಅತ್ತರೆ ಕೊನೆಯ ಸಾಲಿನಲ್ಲಿ ಕೂತವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ನೋಡುವವರೇ ಕಡಿಮೆಯಾದರೆ ಅತ್ತು ಏನು ಮಾಡುವುದು? ಹುಬ್ಬಳ್ಳಿಯಲ್ಲಿ ಕಂಪನಿ ಟೆಂಟು ಬಿಚ್ಚಿತು, ಕಲಾವಿದರು ದಿಕ್ಕಿಗೊಬ್ಬರಾದರು. ನೀಲಾಬಾಯಿ ಒಂದು ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿಕೊಂಡಳು.

ಹೀಗಿರುವಾಗ ಒಂದು ವೈದ್ಯಕೀಯ ಕಾಲೇಜಿನವರು ಅವಳನ್ನು ಹುಡುಕಿಕೊಂಡು ಬಂದರು. ರೋಗಿಯ ಹತ್ತಿರ ಹೇಗೆ ಮಾತಾಡಬೇಕು ಎಂದು ಅವರು ತಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕಿತ್ತು, ಆಮೇಲೆ ಪರೀಕ್ಷೆಯನ್ನೂ ಮಾಡಬೇಕಿತ್ತು. ನಿಜವಾದ ರೋಗಿಯನ್ನು ಐವತ್ತು ಜನ ಸರದಿಯಲ್ಲಿ ಕಾಡಿದರೆ ಅವನ ಗತಿಯೇನು? ಅದಕ್ಕೇ ರೋಗಿಯ ಪಾತ್ರ ಮಾಡುವವರು ಬೇಕಾಗಿದ್ದರು. ನೀಲಾಬಾಯಿ ವಾರಕ್ಕೊಂದು ದಿನ ಹೋಗಿ ಹೊಟ್ಟೆನೋವಿನವಳಾಗಿ ಮಲಗಿ ಬರತೊಡಗಿದಳು. ಮನೆಗೆ ಮರಳುವಾಗ ಬಹಳ ದಿನಗಳ ಮೇಲೆ ಮತ್ತೆ ಪಾತ್ರ ಮಾಡಿದ ಸಂತೋಷ ಅವಳಿಗೆ ಆಗುತ್ತಿತ್ತು.

ಕಾಲೇಜಿನವರು ಇನ್ನೂ ನಾಲ್ಕು ಜನ ಬೇಕೆಂದರು. ನೀಲಾಬಾಯಿಗೆ ಹಳೆಯ ಸಂಗಾತಿಗಳ ನೆನಪಾಯಿತು. ಒಬ್ಬ ಚಹಾ ಅಂಗಡಿಯಲ್ಲಿದ್ದ, ಒಬ್ಬಾಕೆ ಹಪ್ಪಳ ಒತ್ತುತ್ತಿದ್ದಳು. ಅವರನ್ನೆಲ್ಲ ಕರೆತಂದಳು. ಆಮೇಲೆ ನರ್ಸಿಂಗ್ ಶಾಲೆಯವರು ಕೇಳಿದರು. ಒಂದು ಬ್ಯಾಂಕಿನವರು ತಮ್ಮ ಹೊಸ ಗುಮಾಸ್ತರಿಗೆ ತರಬೇತಿ ಕೊಡಲು ಸಿಟ್ಟಿನ ಗಿರಾಕಿಗಳು ಬೇಕೆಂದರು. ಎರಡು ವರ್ಷದಲ್ಲಿ ಅವಳ ಪಟ್ಟಿಯಲ್ಲಿ ಮೂವತ್ತು ಹೆಸರುಗಳಾದವು. ಅಡುಗೆ ಕೆಲಸ ಬಿಟ್ಟು ಒಂದು ಕೋಣೆ ಹಿಡಿದಳು. 'ಇಲ್ಲಿ ಪಾತ್ರಧಾರಿಗಳು ಸಿಗುತ್ತಾರೆ' ಎಂದು ಬೋರ್ಡು ಬರೆಸಿದಳು. ಮೂವತ್ತು ಮನೆಗಳ ಒಲೆ ಅವಳಿಂದ ಉರಿಯುತ್ತಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆ ಪಟ್ಟಿಯಲ್ಲಿ ಮೊದಲ ಹೆಸರು ಗುರುಪಾದಪ್ಪ ಮಾಸ್ತರದು. ಹದಿನಾರರ ಹುಡುಗಿಯಾಗಿದ್ದ ನೀಲಾಳಿಗೆ ರಂಗದ ಮೇಲೆ ನಿಲ್ಲುವುದನ್ನು, ನಡೆಯುವುದನ್ನು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುವುದನ್ನು ಕಲಿಸಿದವರು ಅವರೇ. ಈಗ ಅರವತ್ತೆಂಟು ದಾಟಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರಿಗೆ ನೀಲಾಬಾಯಿ ಎದೆನೋವಿನ ಪಾತ್ರ ಕೊಟ್ಟಿದ್ದಳು. ಆ ಪಾತ್ರವನ್ನು ಅವರಷ್ಟು ಚೆನ್ನಾಗಿ ಮಾಡುವವರು ಬೇರೆ ಇರಲಿಲ್ಲ.

ಕೆಲಸ ಹೆಚ್ಚಾದಂತೆ ನೀಲಾಬಾಯಿಗೆ ಪುರುಸೊತ್ತು ಕಡಿಮೆಯಾಯಿತು. ಮೊದಲು ಒಬ್ಬೊಬ್ಬರ ಮನೆಗೆ ಹೋಗಿ ಪಾತ್ರ ತಿದ್ದುತ್ತಿದ್ದವಳು ಈಗ ಫೋನಿನಲ್ಲೇ ಮುಗಿಸತೊಡಗಿದಳು. ಕೆಲಸದ ದಿನ ಬೆಳಿಗ್ಗೆ ಪ್ರತಿಯೊಬ್ಬರೂ ಫೋನ್ ಮಾಡಿ ತಮ್ಮ ಪಾತ್ರದ ಮಾತು ಒಪ್ಪಿಸಬೇಕು. ನಮಸ್ಕಾರ, ಕ್ಷೇಮ ಸಮಾಚಾರ ಏನೂ ಬೇಡ, ನೇರವಾಗಿ ನೋವಿನಿಂದಲೇ ಶುರು ಮಾಡಬೇಕು ಎಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು. ಹತ್ತು ಜನರ ಮಾತು ಕೇಳುವಷ್ಟರಲ್ಲಿ ಅವರನ್ನು ಕೆಲಸಕ್ಕೆ ಕರೆದೊಯ್ಯುವ ಗಾಡಿ ಬರುವ ಹೊತ್ತಾಗುತ್ತಿತ್ತು, ಏನು ಮಾಡಿಯಾಳು? ಮಾಸ್ತರಿಗೂ ಅದೇ ನಿಯಮ. ತಾನು ಮಾಡಿದ ನಿಯಮ ಗುರುವಿಗೂ ಅನ್ವಯಿಸುತ್ತದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ವರ್ಷದ ದೊಡ್ಡ ಪರೀಕ್ಷೆಯ ದಿನ ಎಲ್ಲರಿಗಿಂತ ಮೊದಲು ಮಾಸ್ತರ ಫೋನ್ ಬಂತು.

"ನೀಲಾ, ಎದಿ ಹಿಡದಂಗ ಆಗೇತಿ. ಎಡಗೈ ಜೋಮ ಹಿಡದೈತಿ," ಎಂದರು.

ನೀಲಾಬಾಯಿ ಕಣ್ಣು ಮುಚ್ಚಿಕೊಂಡು ಕೇಳಿದಳು. ದನಿ ಎಲ್ಲಿ ಸಣ್ಣದಾಗಬೇಕೋ ಅಲ್ಲಿ ಸಣ್ಣದಾಗಿತ್ತು. "ಭಾಳ ಛಲೋ ಬಂತ್ರಿ ಮಾಸ್ತರ. ಇಷ್ಟು ಛಲೋ ಎಂದೂ ಬಂದಿದ್ದಿಲ್ಲ. ಬೆವರಿನ ಮಾತೊಂದು ಬಿಟ್ರಿ ನೋಡ್ರಿ," ಎಂದಳು.

ಮಾಸ್ತರು ಬಿಟ್ಟ ಮಾತನ್ನು ಸೇರಿಸಿದರು.

"ಬೆವರೂ ಬರಾಕತ್ತೈತವ್ವಾ."

"ಈಗ ಸರಿ ಆತ್ರಿ. ಎಂಟಕ್ಕ ಗಾಡಿ ಬರ್ತೈತಿ," ಎಂದು ಫೋನ್ ಇಟ್ಟಳು. ಅಷ್ಟರಲ್ಲಿ ಮುಂದಿನವರ ಫೋನ್ ಬಂದಿತ್ತು.

ಎಂಟಕ್ಕೆ ಗಾಡಿ ಬಂತು. ಒಪ್ಪಿಕೊಂಡ ಪಾತ್ರವನ್ನು ಮಾಸ್ತರು ಜನ್ಮದಲ್ಲಿ ತಪ್ಪಿಸಿದವರಲ್ಲ, ಹತ್ತಿ ಹೋದರು. ಅಲ್ಲಿ ಏನಾಯಿತು ಎಂಬುದು ನೀಲಾಬಾಯಿಗೆ ಗೊತ್ತಾದದ್ದು ಮಧ್ಯಾಹ್ನದ ಹೊತ್ತಿಗೆ, ಒಬ್ಬ ವಿದ್ಯಾರ್ಥಿನಿಯ ಬಾಯಿಂದ. ಮಾಸ್ತರನ್ನು ಮಂಚದ ಮೇಲೆ ಮಲಗಿಸಿದರು. ಪ್ರತಿ ವಿದ್ಯಾರ್ಥಿಗೂ ಏಳು ನಿಮಿಷ. ಬರಿಯ ಪ್ರಶ್ನೆ ಕೇಳಬೇಕು, ಮುಟ್ಟಿ ನೋಡುವುದು ಆ ಪರೀಕ್ಷೆಯಲ್ಲಿ ಇರಲಿಲ್ಲ. ಮಾಸ್ತರು ಎದೆ ಹಿಡಿದಿದೆ ಎಂದರು, ಎಡಗೈ ಜೋಮು ಎಂದರು, ಬೆವರು ಎಂದರು. ತಮ್ಮ ಕಥೆ ಹೇಳಲು ಅವರಿಗೆ ಬೇರೆ ಮಾತುಗಳೇ ಇರಲಿಲ್ಲ. ನಡುವೆ ಒಮ್ಮೆ ಬಾಗಿಲಲ್ಲಿದ್ದ ಅಟೆಂಡರನನ್ನು ಕರೆದು, ಯಾರಾದರೂ ಡಾಕ್ಟರನ್ನು ಕರೆಯಪ್ಪಾ ಎಂದರಂತೆ. ಅವನು ನಕ್ಕು, ಬರುವವರೆಲ್ಲ ಡಾಕ್ಟರೇ ಎಂದನಂತೆ. ನಾಲ್ಕು ಜನ ವಿದ್ಯಾರ್ಥಿಗಳು ಬಂದು ಹೋದರು. ನಾಲ್ವರೂ ಹಾಳೆಯ ಮೇಲೆ ಹೃದಯಾಘಾತ ಎಂದು ಸರಿಯಾಗಿಯೇ ಬರೆದರು, ಗಂಟೆ ಹೊಡೆದಾಗ ಎದ್ದು ಹೋದರು.

ಐದನೆಯವಳು ಈ ಹುಡುಗಿ. ಅವಳಿಗೆ ಪ್ರಶ್ನೆ ಮರೆತುಹೋಗಿತ್ತಂತೆ. ಏನು ಮಾಡಲೂ ತೋಚದೆ ಅಜ್ಜನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ಅವಳು ಕೂಗಿಕೊಂಡ ಮೇಲೆ ಎಲ್ಲರೂ ಓಡಿಬಂದರು.

ನೀಲಾಬಾಯಿ ಆಸ್ಪತ್ರೆ ಮುಟ್ಟಿದಾಗ ಮಾಸ್ತರು ಕಣ್ಣು ಬಿಟ್ಟಿದ್ದರು. ಬೆಳಿಗ್ಗೆಯೇ ಕರೆತಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದು ಹೊರಗೆ ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಫೋನ್ ಇಟ್ಟವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಅವಳಿಗೆ ಮಾಸ್ತರ ಮೇಲೆಯೇ ಸಿಟ್ಟು ಬಂತು. ತಪ್ಪು ನಮ್ಮದಾದಾಗ ಮೊದಲು ಬರುವುದು ಇನ್ನೊಬ್ಬರ ಮೇಲಿನ ಸಿಟ್ಟೇ ತಾನೆ?

"ಇದು ಖರೇನ ಅಂತ ಯಾಕ ಹೇಳಲಿಲ್ರಿ ಮಾಸ್ತರ?"

"ಹೇಳಿದ್ನಲ್ಲವ್ವಾ," ಎಂದರು ಅವರು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನೀನು ಛಲೋ ಬಂತು ಅಂದಿ. ಭಾಳ ವರ್ಷ ಆಗಿತ್ತು, ನನಗ ಯಾರೂ ಹಂಗ ಅಂದಿದ್ದಿಲ್ಲ. ಖುಷಿ ಆತು. ಅದಕ್ಕ ಸುಮ್ಮನಾದೆ."

ಮೂರನೆಯ ದಿನ ಮಾಸ್ತರು ತೀರಿಕೊಂಡರು. ನೀಲಾಬಾಯಿ ತನ್ನ ಬೋರ್ಡಿನ ಕೋಣೆಗೆ ಬೀಗ ಹಾಕಲಿಲ್ಲ, ಮೂವತ್ತು ಮನೆಗಳ ಅನ್ನ ಅದರಲ್ಲಿತ್ತು. ಫೋನಿನಲ್ಲಿ ಪಾತ್ರ ಕೇಳುವುದನ್ನು ಮಾತ್ರ ನಿಲ್ಲಿಸಿದಳು. ಈಗ ಕೆಲಸದ ದಿನ ಬೆಳಕು ಹರಿಯುವ ಮೊದಲೇ ಎದ್ದು ಒಬ್ಬೊಬ್ಬರ ಮನೆಗೆ ಹೋಗುತ್ತಾಳೆ, ಎದುರು ಕೂತು ಮೈ ಹೇಗಿದೆ ಎಂದು ಕೇಳುತ್ತಾಳೆ. ಅವರು ಚೆನ್ನಾಗಿದೆ ಎನ್ನುತ್ತಾರೆ. ಅವರೆಲ್ಲ ಒಳ್ಳೆಯ ನಟರು, ಆದ್ದರಿಂದ ಅವಳಿಗೆ ಆ ಮಾತಿನ ಮೇಲೂ ಪೂರ್ತಿ ನಂಬಿಕೆ ಬರುವುದಿಲ್ಲ.

ನೀತಿ: ಕಲಾವಿದರಿಗೆ ಕೆಲಸ ಹುಡುಕಿಕೊಟ್ಟು ಹೊಟ್ಟೆ ತುಂಬಿಸುವುದು ದೊಡ್ಡ ಪುಣ್ಯ. ಆದರೆ ಅವರಿಂದ ಕೆಲಸದ ಮಾತನ್ನಷ್ಟೇ ಕೇಳಿ ಅಭ್ಯಾಸವಾದವರಿಗೆ, ಅವರು ತಮ್ಮ ಮಾತು ಆಡಿದ ದಿನ ಅದು ಕೇಳಿಸುವುದಿಲ್ಲ. ಪಾತ್ರವನ್ನು ಮೆಚ್ಚುವ ಮೊದಲು ಮನುಷ್ಯನನ್ನು ವಿಚಾರಿಸಿಕೊಳ್ಳಿ.