ಕಾದು ನಿಂತ ಬೆಕ್ಕು

ಮುದಿ ಕರಿಬೆಕ್ಕು ಎಂದಿನಂತೆ ರಸ್ತೆಬದಿಯಲ್ಲಿ ಕಾಯುತ್ತಿತ್ತು. ತಾನು ಅಡ್ಡ ಬಂದರೆ ಹೋಗುವವರಿಗೆ ಕೇಡು ಎಂದು ಅದೂ ನಂಬಿತ್ತು. ರಸ್ತೆ ಖಾಲಿಯಾಗದೆ ದಾಟುತ್ತಿರಲಿಲ್ಲ.

ಪ್ರಾಣಿಗಳ ಶಾಲೆಯಿಂದ ಆಡಿನ ಮರಿಗಳು ಕುಣಿಯುತ್ತ ಬಂದವು.

"ಅಜ್ಜಿ, ನಮ್ಮ ಕ್ಲಾಸಿನ ಪ್ರಾಜೆಕ್ಟ್ ಮುಗೀತು. ಬೇರೆ ಬೆಕ್ಕುಗಳು ಯಾರಿಗೆ ಅಡ್ಡ ಬಂದವೋ ಅಂಥ ಅರವತ್ತು ಮಂದಿಯ ಬೆನ್ನುಹತ್ತಿ ನೋಡಿದೆವು. ಯಾರಿಗೂ ಏನೂ ಆಗಲಿಲ್ಲ. ಒಬ್ಬ ಬಿದ್ದ, ಅವನು ಮೊದಲೇ ಕುಡಿದಿದ್ದ."

"ಸರಿಯಾಗಿ ನೋಡಿದಿರಾ?"

"ತಿಂಗಳಿಡೀ ನೋಡಿದೆವು. ಇನ್ನು ನೀನು ಕಾಯಬೇಕಿಲ್ಲ."

ಬೆಕ್ಕು ರಸ್ತೆಯ ಆಚೆ ಬದಿಯತ್ತ ನೋಡಿತು.

"ಹೋದ ವರ್ಷ ಆಚೆ ಬದಿಯಲ್ಲಿ ನಾಯಿಗಳು ನನ್ನ ಮರಿಯನ್ನು ಮುತ್ತಿದವು. ನಡುವೆ ಮದುವೆ ದಿಬ್ಬಣ ಹೋಗುತ್ತಿತ್ತು. ಮದುಮಗಳಿಗೆ ಕೇಡಾಗದಿರಲಿ ಎಂದು ನಿಂತೆ. ನಾನು ದಾಟುವಷ್ಟರಲ್ಲಿ ಮರಿಯ ಕೂಗು ನಿಂತಿತ್ತು, ಮಕ್ಕಳೇ."