ದೀಪದ ಕರಡಿಗೆ

ಕೃಷ್ಣೆಯ ದಂಡೆಯಲ್ಲಿ ಮೌನಪ್ಪಾಚಾರ್ಯರ ಕುಲುಮೆ. ಮನುಷ್ಯ ಹೆಸರಿಗೆ ತಕ್ಕವರೇ. ಅವರ ಬಾಯಿಂದ ನಾಲ್ಕು ಮಾತು ಹೊರಡಿಸುವುದಕ್ಕಿಂತ ಕಲ್ಲಿನಲ್ಲಿ ನಾರು ತೆಗೆಯುವುದು ಸುಲಭ ಎಂದು ಊರವರು ನಗುತ್ತಿದ್ದರು.

ಅಲ್ಲಿ ಹಿತ್ತಾಳೆಯ ಕುಂಕುಮದ ಕರಡಿಗೆಗಳು ತಯಾರಾಗುತ್ತಿದ್ದವು. ಅಂಗೈ ಅಗಲದ ಡಬ್ಬಿ. ಮುಚ್ಚಳದ ಒಳಮೈಗೆ ಕನ್ನಡಿ, ಕೆಳಗೆ ಕುಂಕುಮದ ಬಟ್ಟಲು.

ಆ ಕುಲುಮೆಗೆ ಒಂದು ಪದ್ಧತಿ ಇತ್ತು. ಕರಡಿಗೆ ಮಾಡಿದವರು ಅದರ ಕನ್ನಡಿ ನೋಡಿಕೊಂಡು ತಮ್ಮ ಹಣೆಗೆ ಬೊಟ್ಟು ಇಟ್ಟುಕೊಳ್ಳಬೇಕು. ಮುಚ್ಚಳ ಮುಚ್ಚಬೇಕು. ಹೊರಗೆ ನಡೆದು, ಮೊದಲು ಎದುರಾದವರನ್ನು ಬೊಟ್ಟು ನೆಟ್ಟಗಿದೆಯೇ ಎಂದು ಕೇಳಬೇಕು. ಅವರು ಹೂಂ ಅಂದರೆ ಮಾತ್ರ ಕರಡಿಗೆಯ ತಳಕ್ಕೆ ಕುಲುಮೆಯ ಮುದ್ರೆ ಬೀಳುತ್ತಿತ್ತು.

ಆಚಾರ್ಯರಿಗೆ ಇದ್ದದ್ದು ಒಬ್ಬಳೇ ಶಿಷ್ಯೆ, ತುಳಜಾ. ಪೇಟೆಯಲ್ಲಿ ಕರೆಂಟಿನ ಕೆಲಸ ಕಲಿತು ಬಂದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಒಂದು ಸೋಮವಾರ ಆಚೆ ದಂಡೆಯಿಂದ ಚಂಪಾಬಾಯಿ ದೋಣಿ ಹತ್ತಿ ಬಂದಳು. ಆಚೆ ಪೇಟೆಯಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಹಳೆಯ ನಟಿ. ಅರವತ್ತರ ಹತ್ತಿರ. ತಾಯಿಯ ಪಾತ್ರ ಅವಳದು.

"ಆಚಾರ್ರ, ಬಣ್ಣದ ಖೋಲ್ಯಾಗ ಕಿಟಕಿ ಇಲ್ರಿ. ಸುತ್ತ ತಗಡು. ಜನರೇಟರ್ ಬರೇ ಸ್ಟೇಜಿಗೆ. ನಾ ಮೇಣಬತ್ತಿ ಹಚ್ಕೊಂಡು ಬಣ್ಣ ಬಳಕೋತೀನಿ."

"ಹೂಂ."

"ಹೋದ ವಾರ ಒಂದು ಹುಬ್ಬು ಮ್ಯಾಲ, ಒಂದು ಹುಬ್ಬು ಕೆಳಗ ಆತು. ಮಗನ ಹೆಣದ ಮುಂದ ಕುಂತು ನಾ ಅಳಾಕತ್ತಿದ್ರ ಮಂದಿ ನಕ್ರು."

"ಮಾಲಕ ಏನಂದ?"

"ಭಾನುವಾರ ಇನ್ನೊಂದ ಸಲ ನಕ್ರ, ಡೇರೆ ಕಿತ್ತ ದಿನ ನೀ ಇಲ್ಲೇ ಉಳಕೋ ಅಂದಾನ." ಅಂದಳು ಚಂಪಾಬಾಯಿ. "ಹದಿನೇಳಕ್ಕ ಡೇರೆ ಸೇರಿದಾಕಿ ನಾನು. ಇಲ್ಲೇ ಅಂದ್ರ ಎಲ್ಲಿ? ನನಗ ಊರ ಇಲ್ರಿ."

ಆಚಾರ್ಯರು ತುಳಜಾಳ ಕಡೆ ನೋಡಿದರು.

"ಮುಚ್ಚಳಾ ತೆಗದ್ರ ದೀಪ ಹತ್ತೋ ಹಂಗ ಮಾಡ್ತೀನ್ರಿ," ಅಂದಳು ತುಳಜಾ. "ಗುಂಡಿಯಷ್ಟು ಬ್ಯಾಟ್ರಿ ಸಾಕು."

"ಭಾನುವಾರದೊಳಗ?" ಕೇಳಿದಳು ಚಂಪಾಬಾಯಿ.

"ಶುಕ್ರವಾರನ ಕೊಡ್ತೀನಿ."

ಆಡಿದಷ್ಟು ಸುಲಭವಾಗಿರಲಿಲ್ಲ ಅದು.

ಬುಧವಾರ ಅವಳು ಮೊದಲ ಕರಡಿಗೆ ತಂದಳು. ಕನ್ನಡಿಯ ನೆತ್ತಿಗೆ ಒಂದೇ ದಪ್ಪ ದೀಪ. ಆಚಾರ್ಯರು ಮುಚ್ಚಳ ತೆಗೆದರು, ಕಣ್ಣು ಮುಚ್ಚಿಕೊಂಡರು.

"ಕಳ್ಳನ ಮಾರಿಗೆ ಪೊಲೀಸ್ರು ಬ್ಯಾಟ್ರಿ ಬಿಟ್ಟಂಗಾತು. ಈ ಕರಡಗಿ ಆಕೀನ್ನ ಏನರ ಕೇಳೋದೈತೇನು?"

ಗುರುವಾರ ದೀಪಗಳು ಕುಂಕುಮದ ಬಟ್ಟಲಿನ ಸುತ್ತ ಬಂದವು. ಆಚಾರ್ಯರು ಅವಳನ್ನು ಇದ್ದಿಲು ಕೋಣೆಯ ಕತ್ತಲಿಗೆ ಕರೆದುಕೊಂಡು ಹೋಗಿ ಕರಡಿಗೆಯನ್ನು ಅವಳ ಮುಂದೆ ತೆರೆದರು. ಕೆಳಗಿನಿಂದ ಬಂದ ಬೆಳಕಿನಲ್ಲಿ ತನ್ನದೇ ಮೂಗು, ತನ್ನದೇ ಗದ್ದ ಕಂಡು ತುಳಜಾ ಹೆದರಿದಳು. ತಾನೇ ಮುಚ್ಚಿದಳು.

ಶುಕ್ರವಾರ ಹೋಯಿತು. ಬೆಸುಗೆ ಹಾಕಿ ಹಾಕಿ ಬೆರಳು ಸುಟ್ಟವು. ಊಟಕ್ಕೆ ಕರೆದರೆ ಬಂದೆ ಅನ್ನುವಳು, ಬರುತ್ತಿರಲಿಲ್ಲ. ಚಂಪಾಬಾಯಿಗೆ ಊರಿಲ್ಲ ಎಂಬ ಮಾತು ಅವಳ ತಲೆಯಲ್ಲಿ ಕುಟ್ಟುತ್ತಲೇ ಇತ್ತು.

ಶನಿವಾರ ಹೊತ್ತು ಇಳಿಯುವಾಗ ಕರಡಿಗೆ ಮುಗಿಯಿತು. ಕನ್ನಡಿಯ ಸುತ್ತ ಸಾಸಿವೆ ಕಾಳಿನಂಥ ಹನ್ನೆರಡು ದೀಪ. ಮುಚ್ಚಳ ಎತ್ತಿದರೆ ಹಾಲಿನಂಥ ಬಿಳಿ ಬೆಳಕು. ಅದರಲ್ಲಿ ಅವಳು ಬೊಟ್ಟು ಇಟ್ಟುಕೊಂಡಳು. ಒಂದು ಎಳೆ ಆಚೆ ಇಲ್ಲ, ಈಚೆ ಇಲ್ಲ. ಅವಳಿಗೆ ಕುಣಿಯಬೇಕೆನಿಸಿತು.

ಇನ್ನು ಮುಚ್ಚಿ, ಹೊರಗೆ ನಡೆದು, ಯಾರನ್ನಾದರೂ ಕೇಳಬೇಕು.

ಹೊರಗೆ ಯಾರೂ ಇರಲಿಲ್ಲ. ಆಚಾರ್ಯರು ಸ್ನಾನಕ್ಕೆ ಹೊಳೆಗೆ ಇಳಿದಿದ್ದರು. ತುಳಜಾ ಯೋಚಿಸಿದಳು. ಕಂಚು ತಿಕ್ಕಿ ಕನ್ನಡಿ ಮಾಡುತ್ತಿದ್ದ ಕಾಲಕ್ಕೆ ಆ ಪದ್ಧತಿ ಸರಿ, ಆಗ ಕನ್ನಡಿ ಸುಳ್ಳು ಹೇಳುತ್ತಿತ್ತು. ಇದು ಫ್ಯಾಕ್ಟರಿ ಗಾಜು, ಮೇಲೆ ಹನ್ನೆರಡು ದೀಪ. ಇನ್ನು ಯಾರನ್ನು ಕೇಳುವುದು?

ಮುದ್ರೆ ತೆಗೆದುಕೊಂಡಳು. ಒಂದೇ ಏಟು.

ಭಾನುವಾರ ದೋಣಿಯ ಹತ್ತಿರ ಆಚಾರ್ಯರು ಕರಡಿಗೆಯನ್ನು ಬೋರಲು ಮಾಡಿ ನೋಡಿದರು.

"ಯಾರನ್ನ ಕೇಳಿ ಮುದ್ರಿ ಹೊಡದಿ?"

"ಕನ್ನಡೀನ ಕೇಳೀನ್ರಿ. ಕೂದಲೆಳಿ ಸುದ್ದಾ ತೋರಸ್ತದ. ಅದಕ್ಕಿಂತ ಖರೆ ಹೇಳಾವ್ರು ಯಾರದಾರ?"

ಆಚಾರ್ಯರು ಒಳಗೆ ಹೋಗಿ ಜೋಳಿಗೆ ತಂದರು, ದೋಣಿ ಹತ್ತಿ ಕುಳಿತರು. ಕರಡಿಗೆ ತಲುಪಿಸಲು ಅವರು ಹೊಳೆ ದಾಟಿದ್ದನ್ನು ತುಳಜಾ ಎಂದೂ ಕಂಡಿರಲಿಲ್ಲ.

ನಡುಹೊಳೆಯಲ್ಲಿ ಅವರು ಜೋಳಿಗೆಯಿಂದ ಲೋಹ ತಿಕ್ಕುವ ಅರ ತೆಗೆದು ಅವಳ ಮುಂದೆ ಹಿಡಿದರು.

"ಮುದ್ರಿ ತಿಕ್ಕಿ ತೆಗಿ."

"ಗುರುಗಳ, ತಪ್ಪೇನ್ರಿ ಇದರಾಗ?"

"ತಿಕ್ಕು."

ತಿಕ್ಕಿದಳು. ಹಿತ್ತಾಳೆಯ ಪುಡಿ ನೀರಿಗೆ ಉದುರಿತು. ಮುದಿ ಹಟ, ಎಂದು ಮನಸ್ಸಿನಲ್ಲೇ ಬೈದಳು. ಕಣ್ಣು ತುಂಬಿತ್ತು, ಅದು ಸಿಟ್ಟಿಗೆ.

ಆಟ ಮಧ್ಯಾಹ್ನ ಮೂರಕ್ಕೆ. ಅವರು ಡೇರೆ ಮುಟ್ಟಿದಾಗ ಎರಡು.

ಬಣ್ಣದ ಕೋಣೆ ಹೇಳಿದಂತೆಯೇ ಕತ್ತಲು. ಚಂಪಾಬಾಯಿ ಮುಚ್ಚಳ ಎತ್ತಿದಳು.

"ಅಯ್ಯ ನನ್ನವ್ವ! ಸೂರ್ಯಾನ್ನ ಡಬ್ಯಾಗ ಹಾಕಿ ತಂದೀಯಲ್ಲ!"

ಅವಳು ಬಣ್ಣಕ್ಕೆ ಕುಳಿತಳು. ಎರಡು ಹುಬ್ಬೂ ಅಳೆದು ಇಟ್ಟಂತೆ ಬಂದವು. ಆಮೇಲೆ ಕೆನ್ನೆಗೆ ಕೆಂಪು. ಒಂದು ಸಲ ತೀಡಿದಳು, ಹತ್ತಿದಂತೆ ಕಾಣಲಿಲ್ಲ. ಇನ್ನಷ್ಟು ತೀಡಿದಳು. ಮತ್ತೊಂದು ಸುತ್ತು. ಈಗ ಸರಿಯಾಯಿತು ಎಂದು ಕನ್ನಡಿಗೆ ನಕ್ಕಳು.

ತುಳಜಾ ಗುರುವಿನ ಕಡೆ ತಿರುಗಿದಳು. ಗೆದ್ದವಳ ಮುಖ ಅದು.

"ಮುಚ್ಚು," ಅಂದರು ಆಚಾರ್ಯರು. "ಹೊರಗ ನಡಿಯವ್ವ, ಚಂಪಾಬಾಯಿ. ಸ್ಟೇಜಿಗೆ."

ಅವರು ಮಾಲಕ ರಾಚಪ್ಪನನ್ನು ಕೇಳಿದರು. "ಎಲ್ಡ ನಿಮಿಷ ದೀಪ ಹಚ್ಚಪ್ಪ."

ಸ್ಟೇಜಿನ ಮೇಲೆ ದೊಡ್ಡ ದೀಪಗಳು. ಒಂದೊಂದರ ಮುಖಕ್ಕೂ ಬೆಳಕು ಹಾಯುವ ಹಳದಿ ಜಿಲೆಟಿನ್ ಹಾಳೆ ಕಟ್ಟಿತ್ತು. ಜನರೇಟರ್ ಗುಡುಗಿತು, ಬೆಳಕು ಬಂತು. ಚಂಪಾಬಾಯಿ ಅದರೊಳಗೆ ಹೆಜ್ಜೆ ಇಟ್ಟಳು.

ಪರದೆ ಎಳೆಯುವವನು ಹೋ ಎಂದು ನಕ್ಕುಬಿಟ್ಟ.

"ಬಾಯಾರ, ಇವತ್ತ ತಾಯಿ ಪಾತ್ರೋ, ರಕ್ಕಸೀದೋ?"

ಬಿಳಿ ಬೆಳಕು ನುಂಗಿಕೊಂಡಿದ್ದ ಕೆಂಪನ್ನೆಲ್ಲ ಈ ಹಳದಿ ಬೆಳಕು ಹೊರಗೆ ಎಳೆದು ಹಾಕಿತ್ತು. ಹುಬ್ಬು ನೆಟ್ಟಗಿದ್ದವು. ಆದರೆ ಕೆನ್ನೆಗಳು ಎರಡು ಕೆಂಡ.

ರಾಚಪ್ಪ ಗಡಿಯಾರ ನೋಡಿಕೊಂಡ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಚಂಪಾಬಾಯಿ ಕೆನ್ನೆ ಮುಟ್ಟಿಕೊಂಡಳು. ಅಲ್ಲೇ ಹಲಗೆಯ ಮೇಲೆ ಕುಳಿತಳು.

"ಬಿಡ್ರಿ," ಅಂದಳು. "ಎಲ್ಲೆರ ಒಂದು ಊರು ಹುಡಕೋತೀನಿ."

ತುಳಜಾ ಗುರುವಿನ ಕಡೆ ತಿರುಗಿದಳು.

"ಕನ್ನಡ್ಯಾಗ ಸರೀನ ಇತ್ತಲ್ರೀ!"

"ಮಂದಿ ಕನ್ನಡ್ಯಾಗ ಕುಂತಿರ್ತಾರೇನು?" ಅಂದರು ಆಚಾರ್ಯರು.

ಅರ್ಧ ಗಂಟೆ ಉಳಿದಿತ್ತು. ಬೇರೆ ದೀಪ ಕೂರಿಸೋಣ ಅಂದರೆ ಕುಲುಮೆ ಆಚೆ ದಂಡೆಯಲ್ಲಿ, ದೋಣಿ ಬರುವುದು ಮೂರಕ್ಕೆ.

"ಏನ್ ಮಾಡ್ಲಿ ಹೇಳ್ರಿ, ಗುರುಗಳ!"

"ನನಗ ಗೊತ್ತಿಲ್ಲ."

"ಇದು ಪರೀಕ್ಷಾ ಮಾಡೋ ಹೊತ್ತಲ್ರಿ! ಆಕಿ ಬಾಳೇ ಹೊಂಟೈತಿ!"

"ಖರೇನ ಗೊತ್ತಿಲ್ಲವ್ವ."

ಆಚಾರ್ಯರ ಮುಖವೂ ಬಾಡಿತ್ತು. ಅದನ್ನು ಕಂಡು ತುಳಜಾಗೆ ಮೊದಲ ಸಲ ನಿಜವಾಗಿ ಭಯವಾಯಿತು. ಹೇಳಿಕೊಡುವವರು ಯಾರೂ ಇಲ್ಲ.

ಅವಳು ಚಂಪಾಬಾಯಿಯ ಪಕ್ಕಕ್ಕೆ ಹೋಗಿ ಕುಳಿತಳು, ಅದೇ ಹಲಗೆಯ ಮೇಲೆ. ತಲೆ ಎತ್ತಿದಳು. ಹಳದಿ ದೀಪ ಕಣ್ಣಿಗೆ ಬಡಿಯಿತು. ಕೈಯಲ್ಲಿದ್ದ ಕರಡಿಗೆ ತೆರೆದಳು. ಬಿಳಿ. ಮತ್ತೆ ಮೇಲೆ ನೋಡಿದಳು.

ಎದ್ದು ಸ್ಟೇಜಿನ ದೀಪ ನೋಡಿಕೊಳ್ಳುವವನ ಹತ್ತಿರ ಓಡಿದಳು.

"ಅಣ್ಣಾ, ಆ ಹಳದಿ ಹಾಳಿ ಹರದದ್ದು ಒಂದು ತುಂಡು ಐತೇನ್ರಿ?"

ದೀಪದವನು ಪೆಟ್ಟಿಗೆಯ ಹಿಂದಿನಿಂದ ಮಡಿಚಿದ ಹಾಳೆಯೊಂದನ್ನು ಎಳೆದು ಕೊಟ್ಟ. ಕತ್ತರಿ ಬಣ್ಣದ ಕೋಣೆಯಲ್ಲಿ ಸಿಕ್ಕಿತು. ಕನ್ನಡಿಯ ಸುತ್ತಳತೆಗೆ ಬಳೆಯ ಹಾಗೆ ಕತ್ತರಿಸಬೇಕು. ಅವಸರಕ್ಕೆ ಮೊದಲ ತುಂಡು ಹರಿಯಿತು. ಹೊರಗೆ ಮೊದಲ ಗಂಟೆ ಬಾರಿಸಿದರು. ಎರಡನೆಯದು ಸರಿಯಾಗಿ ಬಂತು. ಗಡ್ಡ ಮೀಸೆ ಅಂಟಿಸುವ ಗೋಂದಿನಿಂದಲೇ ಅದನ್ನು ದೀಪಗಳ ಮೇಲೆ ಅಂಟಿಸಿದಳು.

"ಮುಖಾ ತೊಳಕೊಂಡು ಬರ್ರಿ, ಅವ್ವಾರ!"

"ಸಾಕು ಬಿಡ ಮಗಳ."

"ನಿಮ್ಮ ಕಾಲಿಗೆ ಬೀಳ್ತೀನಿ. ಒಂದ ಸಲ."

ಚಂಪಾಬಾಯಿ ಬಕೆಟ್ಟಿನ ನೀರಿಗೆ ಮುಖ ಒಡ್ಡಿದಳು. ಮತ್ತೆ ಕುಳಿತಳು. ಈಗ ಕರಡಿಗೆಯ ಬೆಳಕು ತಗ್ಗಿತ್ತು, ಸ್ಟೇಜಿನ ಬೆಳಕಿನದೇ ಬಣ್ಣ ಪಡೆದಿತ್ತು. ಹುಬ್ಬು ತೀಡಿದಳು. ಕೆನ್ನೆಗೆ ಒಂದು ಬೆರಳು ಕೆಂಪು ಸೋಕಿಸಿದಳು, ತಟ್ಟನೆ ಕೈ ನಿಲ್ಲಿಸಿದಳು.

"ಇಷ್ಟ ಸಾಕಲ್ಲ?"

"ನನ್ನನ್ನ ಕೇಳಬ್ಯಾಡ್ರಿ," ಅಂದಳು ತುಳಜಾ. ಮುಚ್ಚಳವನ್ನು ತಾನೇ ಮುಚ್ಚಿದಳು. "ಬರ್ರಿ ಸ್ಟೇಜಿಗೆ."

ಜನರನ್ನು ಇನ್ನೂ ಒಳಗೆ ಬಿಟ್ಟಿರಲಿಲ್ಲ. ತುಳಜಾ ಸ್ಟೇಜಿನಿಂದ ಕೆಳಗೆ ಜಿಗಿದು ಕೊನೆಯ ಸಾಲಿನವರೆಗೆ ಓಡಿದಳು. ಅಲ್ಲಿ ಶೇಂಗಾ ಮಾರುವ ಮುದುಕಿ ಬುಟ್ಟಿ ಇಳಿಸುತ್ತಿದ್ದಳು.

"ಆಯಿ, ಅಲ್ಲಿ ನಿಂತಾಕಿ ಮುಖಾ ನೋಡ್ರಿ. ಹೆಂಗ ಕಾಣ್ತದ?"

ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಪಾಪ, ಯಾರವ್ವಾ ಆ ತಾಯಿ? ಮಗಾನ್ನ ಕಳಕೊಂಡಾಳೇನು?"

ತುಳಜಾ ಅಳುತ್ತಲೇ ನಕ್ಕಳು. ಮುದುಕಿ ಅವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಒಂದು ಹಿಡಿ ಶೇಂಗಾ ಕೈಗೆ ಹಾಕಿದಳು.

ಆಟ ನಡೆಯಿತು. ಮಗನ ಹೆಣದ ಮುಂದೆ ಚಂಪಾಬಾಯಿ ಕುಳಿತು ಅತ್ತಳು. ಆಚಾರ್ಯರು ಮತ್ತು ತುಳಜಾ ಪಕ್ಕದ ಪರದೆಯ ಸಂದಿಯಿಂದ ಸ್ಟೇಜನ್ನು ನೋಡಲಿಲ್ಲ, ಜನರನ್ನು ನೋಡಿದರು. ಒಬ್ಬರೂ ನಗಲಿಲ್ಲ. ಶೇಂಗಾ ಮುದುಕಿ ಮಾರುವುದು ಮರೆತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಪರದೆ ಬಿದ್ದ ಮೇಲೆ ರಾಚಪ್ಪ ಬಂದ.

"ಅವ್ವಾ, ಗುರುವಾರ ಡೇರೆ ಕೀಳ್ತೀವಿ. ಪೆಟಗಿ ಕಟ್ಟಿಟ್ಕೋ. ಮುಂದಿನ ಊರು ದೂರ ಐತಿ."

ಚಂಪಾಬಾಯಿ ಕರಡಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಳು, ಬಣ್ಣ ಕರಗಿ ಇಳಿಯುತ್ತಿತ್ತು.

"ಸ್ವಲ್ಪ ಕೊಡವ್ವ ಅದನ್ನ," ಅಂದರು ಆಚಾರ್ಯರು.

ಜೋಳಿಗೆಯಿಂದ ಕುಲುಮೆಯ ಮುದ್ರೆ ಹೊರಗೆ ಬಂತು. ಪುಟ್ಟ ಸುತ್ತಿಗೆಯೂ. ಎರಡನ್ನೂ ಮುಂಜಾನೆಯೇ ತಂದಿದ್ದರು. ತುಳಜಾಳ ಕೈಗೆ ಕೊಟ್ಟರು. ತಾನೇ ತಿಕ್ಕಿ ಬೋಳಿಸಿದ್ದ ಜಾಗಕ್ಕೆ ಅವಳು ಮುದ್ರೆ ಹೊಡೆದಳು.

ತಿರುಗಿ ಬರುವಾಗ ಹೊಳೆಯ ಮೇಲೆ ಇಳಿಬಿಸಿಲು.

"ಗುರುಗಳ, ನಿಮಗ ಮೊದಲ ಗೊತ್ತಿತ್ತೇನ್ರಿ?"

"ಇಲ್ಲ. ಸ್ಟೇಜಿನ ದೀಪಾ ನಾ ಇವತ್ತ ಮೊದಲ ನೋಡಿದ್ದು."

"ಮತ್ತ ಯಾಕ ಬಂದ್ರಿ?"

"ನೀ ಯಾರನ್ನೂ ಕೇಳಿದ್ದಿಲ್ಲ. ಯಾರರ ಕೇಳಬೇಕಲ್ಲ."

ವಾರವಿಡೀ ಬಿಗಿದಿದ್ದ ತುಳಜಾಳ ಮೈ ಈಗ ಸಡಿಲಾಗಿತ್ತು, ಸಂತೋಷ ಒಳಗೆ ನಿಲ್ಲಲಿಲ್ಲ. ದೀಪದವನಿಂದ ಇಸಿದುಕೊಂಡಿದ್ದ ಉಳಿದ ಹಾಳೆಯನ್ನು ಅವಳು ತೊಡೆಯ ಮೇಲೆ ಬಿಚ್ಚಿದಳು.

"ಇಂಥವು ನೂರು ಮಾಡೋಣ್ರಿ, ಗುರುಗಳ! ಪ್ಯಾಟಿ ಹೆಣ್ಮಕ್ಕಳು ಮುಗಿಬಿದ್ದು ತಗೋತಾರ. ಗುಟ್ಟು ಸಿಕ್ತಲ್ಲ, ನೂರಕ್ಕೂ ಇದ ಹಳದಿ ಹಾಳಿ ಹಚ್ತೀನಿ."

ಆಚಾರ್ಯರು ಹಾಳೆಯನ್ನು ತೆಗೆದುಕೊಂಡು ಕಣ್ಣಿಗೆ ಹಿಡಿದರು. ಅದರೊಳಗಿನಿಂದ ಹೊಳೆ ನೋಡಿದರು, ದಂಡೆ ನೋಡಿದರು, ಅವಳನ್ನು ನೋಡಿದರು. ಮಡಿಚಿ ಅವಳ ಕೈಗೇ ತಿರುಗಿ ಇಟ್ಟರು.

"ಆ ನೂರು ಮಂದಿ ಎಲ್ಲೆಲ್ಲಿ, ಯಾವ ಯಾವ ಬೆಳಕಿನ್ಯಾಗ ನಿಂದರ್ತಾರ, ಮೊದಲ ಕೇಳಿ ಬಾ."