ಸಾಸಿವೆ ಡಬ್ಬಿಯ ಬಡ್ಡಿ

ಇಬ್ಬರ ಹೆಸರಲ್ಲೂ ಬ್ಯಾಂಕ್ ಠೇವಣಿ ಇರುವುದರಿಂದ ಅದರ ಬಡ್ಡಿಗೆ ಗಂಡನಿಗೊಂದು, ಹೆಂಡತಿಗೊಂದು ತೆರಿಗೆ ವಿನಾಯಿತಿ ಉಂಟೆಂದು ನಂಬಿದ್ದ ಟೈಲರ್ ಪುಟ್ಟಮಾದಯ್ಯ ಈಗ ತೆರಿಗೆ ಕಚೇರಿಯಲ್ಲಿ ಬೆವರುತ್ತಿದ್ದ.

"ನಿನ್ನ ಹೆಂಡತಿ ಠೇವಣಿಗೆ ದುಡ್ಡೆಲ್ಲಿಂದ ಬಂತು?" ಸಾಹೇಬರು ಮೇಜು ಕುಟ್ಟಿದರು.

"ಮನೆಖರ್ಚಿಗೆ ಇವರು ಕೊಟ್ಟಿದ್ದರಲ್ಲಿ ಉಳಿಸಿ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದೆ ಸ್ವಾಮಿ," ಅಂದಳು ಹೆಂಡತಿ ಕೆಂಪಾಜಮ್ಮ.

"ಹಾಗಾದರೆ ದುಡ್ಡು ಗಂಡನದು, ಬಡ್ಡಿಯೂ ಗಂಡನದು. ಎರಡೂ ಬಡ್ಡಿ ಸೇರಿ ಅವನ ವಿನಾಯಿತಿ ಮೀರಿತು. ತೆರಿಗೆ ಕಟ್ಟಿ!"

ಪುಟ್ಟಮಾದಯ್ಯ ಮನಸ್ಸಲ್ಲೇ ಲೆಕ್ಕ ಹಾಕಿದ. ಹೊಲಿಗೆ ಮಿಷನ್ನೇ ಮಾರಬೇಕೇನೋ!

ಕೆಂಪಾಜಮ್ಮ ಸೆರಗು ಸರಿಮಾಡಿಕೊಂಡಳು. "ಆಗಲಿ ಸ್ವಾಮಿ. ನಿಮ್ಮ ಮನೆ ಅಮ್ಮಾವರ ಡಬ್ಬಿ ದುಡ್ಡೂ ನಿಮ್ಮದೇ ತಾನೆ? ಒಂದು ಫೋನ್ ಮಾಡಿ ಅವರಿಗೂ ಹಾಗಂತ ಹೇಳಿಬಿಡಿ. ನಾವು ಕಾಯ್ತೀವಿ."

ಸಾಹೇಬರು ಫೋನ್ ಎತ್ತಿದರು. ಅದನ್ನೇ ನೋಡಿದರು. ಮೆಲ್ಲಗೆ ಕೆಳಗಿಟ್ಟರು. ಬೆವರು ಈಗ ಅವರ ಹಣೆಯ ಮೇಲಿತ್ತು.

"ಡಬ್ಬಿ ದುಡ್ಡು ಹೆಂಗಸರದೇ ಕಣಮ್ಮ. ಇಬ್ಬರ ಬಡ್ಡಿಯೂ ಬೇರೆ ಬೇರೆ. ಹೋಗಿಬನ್ನಿ," ಅಂದವರು ದನಿ ತಗ್ಗಿಸಿದರು. "ನಾನು ಮೊದಲು ಹೇಳಿದ್ದು ಮಾತ್ರ ನಮ್ಮ ಮನೆವರೆಗೆ ಬರಬಾರದು."